ಕಿಂಡಿ ಅಣೆಕಟ್ಟಿನ ಕೆಳಗೆ ಹತ್ತುಮೀನಿಗೊಂದು ದಾರಿ

ಜೂನ್ ಮೊದಲ ಮಳೆ ಎರಡು ದಿನ ಬಿಡದೆ ಹೊಯ್ದರೆ ಹೊಳೆ ಕೆಂಪಾಗುತ್ತದೆ, ಅದರ ಹಿಂದೆಯೇ ಮೀನು ಹತ್ತಲು ಶುರು. ಮಲೆನಾಡಿನಲ್ಲಿ ಇದಕ್ಕೆ ಹತ್ತುಮೀನು ಎಂದೇ ಹೆಸರು. ಮೊಟ್ಟೆ ತುಂಬಿದ ಹೊಟ್ಟೆ ಹೊತ್ತು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುವ ಮೀನು. ಅಂಥ ರಾತ್ರಿ ಒಂದು ಕಿಂಡಿ ಅಣೆಕಟ್ಟಿನ ಕೆಳಗೆ ಟಾರ್ಚ್ ಹಿಡಿದು ಅರ್ಧ ಗಂಟೆ ನಿಂತರೆ ಸಾಕು, ತೊಂದರೆ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಂಕ್ರೀಟ್ ಹಾಸು ಮುಗಿಯುವ ಅಂಚಿನಲ್ಲಿ ನೀರು ಪರದೆಯಂತೆ ಬೀಳುತ್ತಿರುತ್ತದೆ. ಅದರ ಬುಡದಲ್ಲಿ ಬೆರಳುದ್ದದ ಮೀನುಗಳು ಹಾರುತ್ತವೆ, ಗೋಡೆಗೆ ಬಡಿದು ಬೀಳುತ್ತವೆ, ಮತ್ತೆ ಹಾರುತ್ತವೆ. ಹೇಗೋ ಅಂಚಿನ ಮೇಲೆ ಬಿದ್ದ ಒಂದೆರಡಕ್ಕೂ ಸುಖವಿಲ್ಲ. ಅಲ್ಲಿ ನೀರಿನ ದಪ್ಪ ಎರಡು ಸೆಂಟಿಮೀಟರ್. ಬೆನ್ನು ಗಾಳಿಗೆ ಬಿದ್ದು, ಬಾಲ ಬಡಿಯಲು ನೀರು ಸಾಲದೆ, ಅಡ್ಡ ಮಲಗಿ ಜಾರಿ ಮತ್ತೆ ಮಡುವಿಗೇ ಬೀಳುತ್ತವೆ.

"ಮಳೆಗಾಲದಲ್ಲಿ ಹಲಗೆ ತೆಗೆದೇ ಇರ್ತೀವಲ್ಲ, ಮೀನಿಗೇನು ಅಡ್ಡಿ?" ಎಂಬ ಪ್ರಶ್ನೆ ಎಲ್ಲ ಊರಲ್ಲೂ ಬರುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಮಳೆ ಮುಗಿದ ಮೇಲೆ, ನವೆಂಬರ್-ಡಿಸೆಂಬರಿನಲ್ಲಿ ಕಿಂಡಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮೇ ತಿಂಗಳಲ್ಲಿ ಹಲಗೆ ಎತ್ತುವುದು ಕಿಂಡಿ ಅಣೆಕಟ್ಟಿನ ಕ್ರಮ. ಮೀನು ಏರುವ ಹೊತ್ತಿಗೆ ಕಿಂಡಿಗಳು ತೆರೆದಿರುತ್ತವೆ, ನಿಜ. ಆದರೆ ಅಡ್ಡಿ ಇರುವುದು ಕಿಂಡಿಯಲ್ಲಲ್ಲ, ನೆಲದಲ್ಲಿ. ನಯವಾದ ಕಾಂಕ್ರೀಟಿನ ಮೇಲೆ ವೇಗ ಹಿಡಿದ ನೀರು ಹಾಸು ಮುಗಿದ ಕೂಡಲೇ ಹೊಳೆಯ ತಳವನ್ನು ಕೊರೆಯುತ್ತದೆ. ವರ್ಷ ವರ್ಷಕ್ಕೆ ಗುಂಡಿ ಆಳವಾಗುತ್ತದೆ. ಕೆಳಗೆಲ್ಲೋ ಮರಳು ತೆಗೆದರೆ ತಳ ಇನ್ನೂ ಇಳಿಯುತ್ತದೆ. ಕಟ್ಟಿದ ದಿನ ಹೊಳೆಯ ಮಟ್ಟಕ್ಕೇ ಇದ್ದ ಹಾಸು ಹತ್ತು ಹದಿನೈದು ವರ್ಷದಲ್ಲಿ ಜಗುಲಿಯಾಗಿ ನಿಂತಿರುತ್ತದೆ.

ಇಂಥ ಕಡೆ ಮೀನು ಹತ್ತಲು ನಾವು ದಾರಿ ಮಾಡಿದ ಲೆಕ್ಕ ಮುಂದಿದೆ, ಅದೆಲ್ಲ ಘಟ್ಟದ ತಪ್ಪಲಿನ ಒಂದು ಸಣ್ಣ ಹೊಳೆಯದು. ಅಗಲ 9 ಮೀಟರ್, 1.8 ಮೀಟರಿನ ನಾಲ್ಕು ಕಿಂಡಿ, ನಡುವೆ 60 ಸೆಂಟಿಮೀಟರಿನ ಮೂರು ಕಂಬ. ದೊಡ್ಡ ನದಿಯ ಅಣೆಕಟ್ಟಿಗೆ ಇದೇ ಲೆಕ್ಕ ಹೊರಿಸಬಾರದು. ಅಲ್ಲಿಗೆ ಬೇರೆಯೇ ವಿನ್ಯಾಸ, ಬೇರೆಯೇ ಖರ್ಚು.

ಮೊದಲ ಕೆಲಸ ಅಳತೆ. ಇದಕ್ಕೆ ದುಬಾರಿ ಯಂತ್ರ ಬೇಡ, ಗಾರೆಯವರು ಮಟ್ಟ ನೋಡುವ ನೀರಿನ ಟ್ಯೂಬ್ 20 ಮೀಟರ್ ಇದ್ದರೆ ಆಯಿತು. ಜೂನ್ ಕೊನೆಯಲ್ಲಿ ಮಳೆ ಬಿಡುವು ಕೊಟ್ಟಾಗ, ಹೊಳೆ ತಗ್ಗಿ ಹರಿಯುವಾಗ ಅಳೆಯಬೇಕು. ಪ್ರವಾಹದಲ್ಲಿ ಅಳೆದರೆ ತೊಂದರೆಯೇ ಕಾಣುವುದಿಲ್ಲ, ಎಲ್ಲ ಮುಳುಗಿರುತ್ತದೆ. ಮಡುವಿನ ನೀರಿನ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡರೆ ನಮ್ಮಲ್ಲಿ ಹಾಸಿನ ಮಟ್ಟ 45 ಸೆಂಟಿಮೀಟರ್, ಕಿಂಡಿಯ ಹೊಸ್ತಿಲು 60. ಎರಡು ಮೆಟ್ಟಿಲು, ನಡುವೆ 4 ಮೀಟರ್ ಉದ್ದದ ನುಣುಪು ನೆಲ. ಮೀನಿನ ಪಾಲಿಗೆ ಎರಡು ಮೆಟ್ಟಿಲಿಗಿಂತ ಆ ನೆಲವೇ ಕಷ್ಟ. ಒರಗಲು ಒಂದು ಕಲ್ಲಿಲ್ಲ, ಸೆಕೆಂಡಿಗೆ ಎರಡು ಮೀಟರ್ ವೇಗದ ತೆಳು ನೀರು.

ಹರಿವಿನ ಪ್ರಮಾಣ ತಿಳಿಯಲು ಸಿಪ್ಪೆ ಸಹಿತ ಒಂದು ಒಣ ತೆಂಗಿನಕಾಯಿ ಸಾಕು. ಅದು ಸಾಕಷ್ಟು ಮುಳುಗಿ ತೇಲುವುದರಿಂದ ಗಾಳಿ ಅಷ್ಟಾಗಿ ಎಳೆಯುವುದಿಲ್ಲ. ನೇರವಾಗಿ ಹರಿಯುವ 10 ಮೀಟರ್ ಜಾಗ ಗುರುತಿಸಿ ಐದು ಸಲ ಬಿಟ್ಟು ಸರಾಸರಿ ತೆಗೆದೆವು, 42 ಸೆಕೆಂಡ್ ಬಂತು. ಅಂದರೆ ಮೇಲ್ಮೈ ವೇಗ ಸೆಕೆಂಡಿಗೆ 0.24 ಮೀಟರ್. ತಳದ ಹತ್ತಿರ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಬೇಕು. 6 ಮೀಟರ್ ಅಗಲ, ಸರಾಸರಿ 25 ಸೆಂಟಿಮೀಟರ್ ಆಳ ಸೇರಿಸಿದರೆ ಸೆಕೆಂಡಿಗೆ 300 ಲೀಟರ್. ಮೀನಿನ ದಾರಿ ಕೆಲಸ ಮಾಡಬೇಕಾದದ್ದು ಈ ಹರಿವಿನಲ್ಲಿ. ಇದಕ್ಕಿಂತ ಹೆಚ್ಚಿದ್ದಾಗ ಅಂಚುಗಳಲ್ಲಿ ಹೇಗೋ ಜಾಗ ಸಿಗುತ್ತದೆ, ಕಡಿಮೆ ಇದ್ದಾಗ ದಾರಿಯ ನಡುವಿನ ಒಂದು ಸಂದಾದರೂ ತುಂಬಿರಬೇಕು.

ಇನ್ನು ಮೀನಿನ ಶಕ್ತಿ. ಮೀನು ತನ್ನ ಉದ್ದದ ಸುಮಾರು ಹತ್ತು ಪಟ್ಟು ದೂರವನ್ನು ಒಂದು ಸೆಕೆಂಡಿನಲ್ಲಿ ದಾಟಬಲ್ಲದು, ಅದೂ ಕೆಲವೇ ಸೆಕೆಂಡ್ ಮಾತ್ರ, ಆಮೇಲೆ ಸುಸ್ತು. 15 ಸೆಂಟಿಮೀಟರಿನ ಮೀನಿಗೆ ಸೆಕೆಂಡಿಗೆ ಒಂದೂವರೆ ಮೀಟರ್ ಗಡಿ, 8 ಸೆಂಟಿಮೀಟರಿನದಕ್ಕೆ ಒಂದು ಮೀಟರೂ ಇಲ್ಲ. ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ ಎಂಬುದೇ ಅದರ ವೇಗವನ್ನು ನಿರ್ಧರಿಸುತ್ತದೆ. ಮೀಟರಿನಲ್ಲಿ ಇಳಿತವನ್ನು ತೆಗೆದುಕೊಂಡು 19.6ರಿಂದ ಗುಣಿಸಿ ವರ್ಗಮೂಲ ಹಾಕಿದರೆ ಉತ್ತರ. 45 ಸೆಂಟಿಮೀಟರ್ ಇಳಿತಕ್ಕೆ ಸೆಕೆಂಡಿಗೆ ಹತ್ತಿರ ಹತ್ತಿರ 3 ಮೀಟರ್. 20ಕ್ಕೆ 2 ಮೀಟರ್. 10ಕ್ಕೆ 1.4 ಮೀಟರ್. ನಮ್ಮ ಹೊಳೆಯ ಸಣ್ಣ ಮೀನಿಗೆ ಒಂದು ಮೆಟ್ಟಿಲು 10 ಸೆಂಟಿಮೀಟರ್ ದಾಟಬಾರದು ಎಂಬುದು ಇಲ್ಲಿಂದ ಬಂದ ಮಾತು.

ಪುಸ್ತಕಗಳಲ್ಲಿ ಕಾಣುವ ಮೀನಿನ ಏಣಿಗಳು, ಅಂದರೆ ಅಣೆಕಟ್ಟು ದಾಟಲು ಮೀನಿಗೆ ಕಟ್ಟುವ ಮೆಟ್ಟಿಲುಗಳು, ಇಲ್ಲಿಗೆ ಯಾಕೆ ಆಗುವುದಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಅವು ಹೆಚ್ಚಿನವು ಸಾಲ್ಮನ್‌ಗೆ ಮಾಡಿದವು. ಸಾಲ್ಮನ್ ಮೊಣಕಾಲುದ್ದದ ಮೀನು, 30 ಸೆಂಟಿಮೀಟರಿನ ಮೆಟ್ಟಿಲನ್ನು ನಕ್ಕುಬಿಟ್ಟು ಹಾರುತ್ತದೆ. ಆಸ್ಟ್ರೇಲಿಯದವರು ಮರ್ರೆ ನದಿಯ ಅಡ್ಡಗಟ್ಟೆಗಳಿಗೆ ಮೊದಲು ಅದೇ ಮಾದರಿಯ ಏಣಿ ಕಟ್ಟಿದರು, ಅಲ್ಲಿಯ ಮೀನು ಹತ್ತಲಿಲ್ಲ. ಆಮೇಲೆ ತಮ್ಮ ಮೀನಿನ ಈಜು ಅಳೆದು, 1991ರಲ್ಲಿ ಟೊರಂಬರಿಯಲ್ಲಿ ಉದ್ದುದ್ದ ಸೀಳಿನ ಕೋಣೆಗಳ ದಾರಿ ಮಾಡಿದ ಮೇಲೆ ಮೀನು ಏರಿತು. ನಮ್ಮಲ್ಲಿ ಹಾರುವ ಮೀನು ಕೆಲವು ಮಾತ್ರ. ಮುಗುಡು ತಳ ಹಿಡಿದು ನುಗ್ಗುತ್ತದೆ, ಕೊರವ ಅಂಚು ಹುಡುಕುತ್ತದೆ, ಕಲ್ಲಿಗೆ ಬಾಯಿ ಒತ್ತಿ ಹಿಡಿಯುವ ಸಣ್ಣ ಮೀನು ಒದ್ದೆ ಗೋಡೆಯಲ್ಲಿ ಒಂದು ಗೇಣು ಏರಿ ನಿಲ್ಲುತ್ತದೆ. ಹಾರುವ ಮೀನಿಗೆ ಮಾಡಿದ ಏಣಿ ಇವಕ್ಕೆ ಗೋಡೆ.

ನಮ್ಮ ದೇಶದಲ್ಲಿ ಇದು ಹೊಸ ತಲೆನೋವಲ್ಲ. ಅಣೆಕಟ್ಟುಗಳು ಮೀನಿನ ಸಂಚಾರ ತಡೆಯುತ್ತಿವೆ, ಅವಕ್ಕೆ ದಾರಿ ಬಿಡಬೇಕು ಎಂದು ಬ್ರಿಟಿಷ್ ಮೀನುತಜ್ಞ ಫ್ರಾನ್ಸಿಸ್ ಡೇ 1873ರ ತನ್ನ ವರದಿಯಲ್ಲೇ ಬರೆದಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನದಿಗೆ ಅಡ್ಡಗಟ್ಟೆ ಹಾಕುವುದರ ಮೇಲೆ ನಿಯಮ ಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು. ಅದೇ ಕಾಯ್ದೆ ಡೈನಮೈಟು, ವಿಷ ಹಾಕಿ ಮೀನು ಹಿಡಿಯುವುದನ್ನೂ ನಿಷೇಧಿಸಿತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಆದ ಮೇಲೆ, ಸಮುದ್ರದಿಂದ ನದಿಗೆ ಬರುವ ಹಿಲ್ಸಾ ಮೀನು ಕಾವೇರಿಯಲ್ಲಿ ಮೇಲೇರುವುದು ನಿಂತಿತು, 1975ರಲ್ಲಿ ಫರಕ್ಕಾ ಅಡ್ಡಗಟ್ಟೆ ಆದ ಮೇಲೆ ಗಂಗೆಯದೂ ಬಹುಮಟ್ಟಿಗೆ ಅದೇ ಕತೆ. ದೊಡ್ಡ ಮೀನಿನ ಬಗ್ಗೆ ಬರೆಯುವವರಾದರೂ ಇದ್ದರು. ಹಳ್ಳದ ಸಣ್ಣ ಮೀನಿನ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಮೊದಲ ವರ್ಷ ಕಲ್ಲು ತರಿಸಲಿಲ್ಲ, ಮರಳು ಚೀಲದಲ್ಲಿ ಪರೀಕ್ಷೆ ಮಾಡಿದೆವು. ಇದು ಎಲ್ಲರಿಗೂ ಹೇಳುವ ಮಾತು: ಸಿಮೆಂಟಿಗೆ ಕೈ ಹಾಕುವ ಮೊದಲು ಚೀಲದಲ್ಲಿ ಕಟ್ಟಿ ನೋಡಿ. ಎಡದಂಡೆಗೆ ತಾಗಿಸಿ ಎರಡು ಮೀಟರ್ ಅಗಲದ ಮೆಟ್ಟಿಲು ದಾರಿ, 300ಕ್ಕೂ ಹೆಚ್ಚು ಚೀಲ. ಪ್ರತಿ ಮೆಟ್ಟಿಲೂ 10 ಸೆಂಟಿಮೀಟರ್, ಲೆಕ್ಕವೆಲ್ಲ ಸರಿ. ಮೀನು ಮಾತ್ರ ಹತ್ತಲಿಲ್ಲ. ದಾರಿಯ ಬಾಯಿ ಹಾಸಿನಿಂದ 14 ಮೀಟರ್ ಕೆಳಗಿತ್ತು. ಏರಿ ಬರುವ ಮೀನು ಹೆಚ್ಚು ನೀರು ಎಲ್ಲಿಂದ ಬರುತ್ತದೋ ಅತ್ತ ಹೋಗುತ್ತದೆ. ದಂಡೆಯ ಸಣ್ಣ ಬಾಯನ್ನು ಪಕ್ಕದಲ್ಲೇ ದಾಟಿ ಸೀದಾ ಹಾಸಿನ ಬುಡಕ್ಕೆ ಬಂದು ಸೇರಿತು. ಒಮ್ಮೆ ಬುಡ ಮುಟ್ಟಿದ ಮೀನು 14 ಮೀಟರ್ ಹಿಂದೆ ಬಂದು ಬಾಗಿಲು ಹುಡುಕುವುದಿಲ್ಲ. ಮೇಲಿನ ಕಿಂಡಿಯ ಹೊಸ್ತಿಲಲ್ಲಿ ಮೂರು ರಾತ್ರಿ ಕಾದರೆ ಕಂಡದ್ದು ಬೆರಳೆಣಿಕೆ, ಬುಡದಲ್ಲಿ ರಾಶಿ. ಮೀನಿನ ದಾರಿ ಸೋಲುವುದು ಬಹುಪಾಲು ಹೀಗೆಯೇ. ಏರು ಕಷ್ಟವಾಗಿ ಸೋಲುವುದಕ್ಕಿಂತ ಬಾಯಿ ಸಿಗದೆ ಸೋಲುವುದು ಹೆಚ್ಚು. ಎರಡು ವಾರದಲ್ಲಿ ಹೊಳೆ ಬಂದು ಚೀಲಗಳನ್ನು ಕೊಚ್ಚಿಕೊಂಡು ಹೋಯಿತು, ಒಳ್ಳೆಯದೇ ಆಯಿತು.

ಬಾಯಿಯನ್ನು ಹಾಸಿನ ಬುಡಕ್ಕೇ ತರಬೇಕು ಎಂದರೆ ಏಣಿಯನ್ನು ಮಡಚಬೇಕು, ಕಾಂಕ್ರೀಟ್ ಬೇಕು, ಖರ್ಚು ಮೂರು ಪಟ್ಟು. ಸಣ್ಣ ಹೊಳೆಗೆ ಅದಕ್ಕಿಂತ ಸರಳ ಉಪಾಯವಿದೆ. ಹೊಳೆಯ ಪೂರ್ತಿ ಅಗಲಕ್ಕೆ ಕಲ್ಲಿನ ಸಾಲುಗಳನ್ನು ಕೂರಿಸಿ, ಕೆಳಗಿನ ನೀರನ್ನೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿಕೊಂಡು ಬಂದು ಹಾಸನ್ನೂ ಹೊಸ್ತಿಲನ್ನೂ ಮುಳುಗಿಸಿಬಿಡುವುದು. ಆಗ ಮೀನು ಯಾವ ದಂಡೆಯಲ್ಲಿ ಬಂದರೂ ದಾರಿಯೊಳಗೇ ಇರುತ್ತದೆ. ಹುಡುಕಬೇಕಾದ ಬಾಗಿಲೇ ಇಲ್ಲ.

ನಮ್ಮ ಗುರಿ ಹೊಸ್ತಿಲಿನ ಮೇಲೆ 10 ಸೆಂಟಿಮೀಟರ್ ನೀರು ನಿಲ್ಲಿಸುವುದು. ಅಂದರೆ ಹಾಸಿನ ಮೇಲಿನ ನೀರಿನ ಮಟ್ಟ ಸೊನ್ನೆಯಿಂದ 70ಕ್ಕೆ ಏರಬೇಕು, ಆಗ ಹಾಸಿನ ಮೇಲೆ 25 ಸೆಂಟಿಮೀಟರ್ ನೀರು. 70ನ್ನು 10ರಂತೆ ಹಂಚಿದರೆ ಏಳು ಸಾಲು. ಸಾಲಿನಿಂದ ಸಾಲಿಗೆ 2 ಮೀಟರ್ ಬಿಟ್ಟರೆ ಒಟ್ಟು 14 ಮೀಟರ್ ಉದ್ದ, 20ಕ್ಕೆ 1ರ ಇಳಿಜಾರು. ಇದಕ್ಕಿಂತ ಕಡಿದಾಗಿ ಮಾಡಿ ಕಲ್ಲು ಉಳಿಸುವ ಆಸೆ ಬರುತ್ತದೆ, ಬೇಡ. 10ಕ್ಕೆ 1 ಮಾಡಿದರೆ ಸಾಲುಗಳ ನಡುವೆ ಮೀನು ದಣಿವಾರಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಕಟ್ಟಡ ಯಾರದೋ ಅವರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಕಲ್ಲೂ ಇಡಬಾರದು. ಸಾಮಾನ್ಯವಾಗಿ ನೀರಾವರಿಗೆ ಸಂಬಂಧಿಸಿದ ಇಲಾಖೆ, ಜೊತೆಗೆ ಗ್ರಾಮ ಪಂಚಾಯಿತಿ, ಅರಣ್ಯದ ಗಡಿಯಾದರೆ ಅರಣ್ಯ ಇಲಾಖೆ. ಎಂಜಿನಿಯರು ಮೊದಲು ಕೇಳುವ ಪ್ರಶ್ನೆ ಒಂದೇ, ಪ್ರವಾಹದಲ್ಲಿ ನೀರು ಹಿಂದಕ್ಕೆ ಒತ್ತಿ ತೋಟಕ್ಕೆ ನುಗ್ಗುತ್ತದೆಯೇ ಎಂದು. ಉತ್ತರ ಕೈಯಲ್ಲಿರಬೇಕು. ಕಂಬದ ಮೇಲಿನ ಹಳೆಯ ಪ್ರವಾಹದ ಗುರುತು ನೋಡಿ: ದೊಡ್ಡ ನೆರೆಯಲ್ಲಿ ಕೆಳಗಿನ ನೀರೇ ಹಾಸಿನ ಮೇಲೆ ಒಂದೂವರೆ ಮೀಟರ್ ನಿಂತಿರುತ್ತದೆ, ನಮ್ಮ ಸಾಲುಗಳು ಅದರಡಿ ಮುಳುಗಿ ಹೋಗಿರುತ್ತವೆ. ಹಾಗಿಲ್ಲದ ಜಾಗದಲ್ಲಿ, ನೆರೆಯಲ್ಲೂ ಕೆಳಗೆ ನೀರು ಏರದ ಕಡೆ, ಈ ವಿಧಾನಕ್ಕೆ ಕೈ ಹಾಕಬಾರದು.

ಕೆಲಸಕ್ಕೆ ಸಿಗುವ ಸಮಯ ಮಾರ್ಚ್‌ನಿಂದ ಮೇ ಎರಡನೇ ವಾರದವರೆಗೆ. ಹಲಗೆ ಹಾಕಿರುವುದರಿಂದ ಕೆಳಗೆ ಹೊಳೆ ಹೆಚ್ಚುಕಡಿಮೆ ಒಣಗಿರುತ್ತದೆ, ಜೆಸಿಬಿ ಇಳಿಸಬಹುದು. ಗುಂಡಿಯಲ್ಲಿ ಉಳಿದ ನೀರಿನಲ್ಲಿ ಮೀನಿದ್ದೇ ಇರುತ್ತದೆ. ಅದನ್ನು ಮೊದಲು ಬಲೆಯಲ್ಲಿ ಹಿಡಿದು ಬಕೆಟಿನಲ್ಲಿ ಕೆಳಗಿನ ಮಡುವಿಗೆ ಬಿಡಬೇಕು, ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು.

ಕೊರೆದು ಹೋದ ಗುಂಡಿ ಹಾಸಿನ ಬುಡದಲ್ಲಿ ಸುಮಾರು ಅರ್ಧ ಮೀಟರ್ ಆಳ ಇತ್ತು. ಅದನ್ನು ತುಂಬಿ, ಅದರ ಮೇಲೆ ಸಾಲು ಕೂರಿಸಲು ಒಟ್ಟು 80 ಘನ ಮೀಟರ್ ಕಲ್ಲು ಮತ್ತು ಜಲ್ಲಿ ಬೇಕಾಯಿತು. 100 ಘನ ಅಡಿಯ ಟ್ರ್ಯಾಕ್ಟರ್ ಲೋಡಿನ ಲೆಕ್ಕಕ್ಕೆ 28 ಲೋಡು. ಹೊಳೆಯೊಳಗಿನ ಕಲ್ಲನ್ನೇ ಕಿತ್ತು ತಂದರೆ ಅಲ್ಲಿಯ ಮೀನಿನ ಮನೆ ಹಾಳು ಮಾಡಿ ಇಲ್ಲಿ ದಾರಿ ಮಾಡಿದ ಹಾಗೆ, ಕಲ್ಲು ಹೊರಗಿನಿಂದಲೇ ಬರಬೇಕು. ಮುರಕಲ್ಲು (ಜಂಬಿಟ್ಟಿಗೆ) ಕೂಡದು, ನೀರಿನಲ್ಲಿ ಸವೆದು ಹಗುರಾಗುತ್ತದೆ. ಕರಿಕಲ್ಲೇ ಬೇಕು, ಅದೂ 60 ಸೆಂಟಿಮೀಟರ್ ಗಾತ್ರದ್ದು. ಅಂಥ ಒಂದು ಕಲ್ಲು 300 ಕಿಲೊ ತೂಗುತ್ತದೆ. ಸೆಕೆಂಡಿಗೆ ಮೂರೂವರೆ ಮೀಟರ್ ವೇಗದ ನೆರೆಗೆ ಅರ್ಧ ಮೀಟರಿಗಿಂತ ಸಣ್ಣ ಕಲ್ಲು ನಿಲ್ಲುವುದಿಲ್ಲ. ಸಾಲಿಗೆ 13 ಕಲ್ಲು, ಏಳು ಸಾಲಿಗೆ 91. ಪ್ರತಿ ಕಲ್ಲಿನ ಮೂರನೇ ಒಂದು ಭಾಗ ತುಂಬಿದ ನೆಲದಲ್ಲಿ ಹೂತಿರಬೇಕು, ಉದ್ದದ ಮುಖ ನೀರು ಬರುವ ದಿಕ್ಕಿಗೆ ಇರಬೇಕು. ಸಾಲು ನೇರ ಗೆರೆಯಾಗಿರದೆ ನೀರು ಬರುವ ಕಡೆಗೆ ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ನೀರೂ ದಂಡೆ ಕೊರೆಯದೆ ನಡುವಿಗೆ ಬರುತ್ತದೆ. ಎರಡೂ ದಂಡೆಗಳೊಳಗೆ ಸಾಲಿನ ತುದಿ ಒಂದು ಮೀಟರ್ ನುಗ್ಗಿರಬೇಕು. ಇದನ್ನು ಬಿಟ್ಟರೆ ಮೊದಲ ನೆರೆಯಲ್ಲೇ ಹೊಳೆ ಸಾಲನ್ನು ಬಳಸಿ ದಂಡೆಯಲ್ಲಿ ಹೊಸ ದಾರಿ ಮಾಡಿಕೊಳ್ಳುತ್ತದೆ.

ಪ್ರತಿ ಸಾಲಿನಲ್ಲಿ ಮೂರು ಸಂದು, ಒಂದೊಂದೂ 40 ಸೆಂಟಿಮೀಟರ್ ಅಗಲ. ಪಕ್ಕದ ಎರಡರಲ್ಲಿ ನೀರು 20 ಸೆಂಟಿಮೀಟರ್ ಆಳ, ನಡುವಿನದರಲ್ಲಿ 35. ನೀರು ಕಡಿಮೆಯಾದಾಗ ಪಕ್ಕದವು ಒಣಗಿ ಇರುವಷ್ಟೂ ನೀರು ನಡುವಿನ ಸಂದಿಗೆ ಬರಲಿ ಎಂದು ಈ ವ್ಯತ್ಯಾಸ. ಮೂರೂ ಸೇರಿ 10 ಸೆಂಟಿಮೀಟರ್ ಇಳಿತಕ್ಕೆ ಸೆಕೆಂಡಿಗೆ ಸುಮಾರು 300 ಲೀಟರ್ ಬಿಡುತ್ತವೆ, ತೆಂಗಿನಕಾಯಿಯ ಲೆಕ್ಕಕ್ಕೆ ಸರಿಹೋಯಿತು. ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ನೇರವಾಗಿ ಬರಕೂಡದು. ಬಂದರೆ ನೀರು ಬಾಣದಂತೆ ಏಳೂ ಸಾಲು ದಾಟಿ ಓಡುತ್ತದೆ, ಕೆಳಗಿನ ಸಂದುಗಳಲ್ಲಿ ವೇಗ ಲೆಕ್ಕಕ್ಕಿಂತ ಹೆಚ್ಚು. ಒಂದು ಅಡಿಯಾದರೂ ಆಚೀಚೆ ತಪ್ಪಿಸಬೇಕು.

ಸಾಲುಗಳ ನಡುವಿನ ಮಡು ಎಷ್ಟು ಕಲಕಿದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಸೆಕೆಂಡಿಗೆ 300 ಲೀಟರ್ ನೀರು 10 ಸೆಂಟಿಮೀಟರ್ ಇಳಿದರೆ ಸುಮಾರು 300 ವ್ಯಾಟ್ ಶಕ್ತಿ ಆ ಮಡುವಿನಲ್ಲಿ ಕರಗಬೇಕು. ಮಡುವಿನಲ್ಲಿ ನೀರು ನಿಲ್ಲುವ ಜಾಗ 1.4 ಮೀಟರ್ ಉದ್ದ, 9 ಅಗಲ, 40 ಸೆಂಟಿಮೀಟರ್ ಆಳ, ಅಂದರೆ 5 ಘನ ಮೀಟರ್. ಭಾಗಿಸಿದರೆ ಘನ ಮೀಟರಿಗೆ 60 ವ್ಯಾಟ್. ಇದು 150 ದಾಟಿದರೆ ನೀರೆಲ್ಲ ನೊರೆ, ಸಣ್ಣ ಮೀನಿಗೆ ದಿಕ್ಕೇ ತೋಚುವುದಿಲ್ಲ. ಕಣ್ಣಳತೆ ಬೇಕಾದರೆ ಇಷ್ಟು ನೋಡಿ: ಮಡುವಿನ ಅರ್ಧದಷ್ಟಾದರೂ ನೊರೆಯಿಲ್ಲದೆ ಇರಬೇಕು, ಉದುರಿದ ಎಲೆ ಅಲ್ಲಿ ಸುತ್ತುತ್ತಾ ನಿಲ್ಲಬೇಕು.

8 ಸೆಂಟಿಮೀಟರಿನ ಮೀನಿಗೆ ಸಂದಿನ ನಡುವಿನ 1.4 ಮೀಟರ್ ವೇಗ ಆಗುವುದಿಲ್ಲ ಎಂದೆವಲ್ಲ, ಅದಕ್ಕೆ ಸಂದಿನ ತಳದಲ್ಲಿ ಮುಷ್ಟಿ ಗಾತ್ರದ ಕಲ್ಲು ಒತ್ತಾಗಿ ನೆಡಬೇಕು. ತಳದ ಒಂದೆರಡು ಅಂಗುಲದಲ್ಲಿ ನೀರು ನಿಧಾನವಾಗುತ್ತದೆ, ಸಣ್ಣದು ಅಲ್ಲೇ ನುಸುಳುತ್ತದೆ. ಚೆಂದ ಕಾಣಲಿ ಎಂದು ಸಂದಿಗೆ ಸಿಮೆಂಟ್ ಬಳಿದು ನುಣುಪು ಮಾಡಬೇಡಿ. ಮೇಸ್ತ್ರಿಗಳು ಕೇಳದೆಯೇ ಬಳಿದುಬಿಡುತ್ತಾರೆ, ಪಕ್ಕದಲ್ಲೇ ನಿಂತಿರಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಇನ್ನೊಂದು. ಕಲ್ಲು ಕೂರಿಸಿ, ಮಟ್ಟ ನೋಡಿ, ಮಳೆಗೆ ಕಾದು ಕುಳಿತರೆ ನೀರು ಕಲ್ಲಿನ ಮೇಲೆ ಬರುವುದೇ ಇಲ್ಲ, ಕಲ್ಲಿನ ರಾಶಿಯೊಳಗೇ ಇಳಿದು ಕೆಳಗೆ ಹೊರಬರುತ್ತದೆ. ಬರೀ ದಪ್ಪ ಕಲ್ಲು ತುಂಬಿದರೆ ಅದು ಜರಡಿ. ತುಂಬುವಾಗಲೇ ದಪ್ಪ ಕಲ್ಲು, ಜಲ್ಲಿ, ಗರಸು, ಮಣ್ಣು ನಾಲ್ಕನ್ನೂ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಪಂಪಿನಿಂದ ನೀರು ಬಿಟ್ಟು ಸಣ್ಣದು ದೊಡ್ಡದರ ಸಂದಿಗೆ ಇಳಿಯುವಂತೆ ಮಾಡಬೇಕು. ಹಾಕಿದ ನೀರು ಮಾಯವಾಗದೆ ಮೇಲೆ ನಿಲ್ಲತೊಡಗಿದರೆ ಆ ಪದರ ಮುಗಿಯಿತು. ಮೂರು ದಿನದ ಕೆಲಸ ಇದು, ಬೇಸರದ ಕೆಲಸ. ಹೊಳೆ ತಾನೇ ಹೂಳು ತಂದು ತುಂಬುತ್ತದೆ ಎಂದು ಕೆಲವರು ಹೇಳುತ್ತಾರೆ, ತುಂಬುತ್ತದೆ ಕೂಡ. ಆದರೆ ಅದಕ್ಕೆ ಒಂದು ಮಳೆಗಾಲ ಬೇಕು, ಹತ್ತುಮೀನು ಕಾಯುವುದಿಲ್ಲ.

ಮಳೆ ಬಂದ ಮೇಲೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಮೊದಲ ನೆರೆ ಇಳಿದ ಮರುದಿನ ಟ್ಯೂಬ್ ಹಿಡಿದು ಮೇಲಿನಿಂದ ಕೆಳಕ್ಕೆ ಏಳೂ ಇಳಿತ ಅಳೆದರೆ 9, 11, 10, 22, 4, 8, 6. ನಾಲ್ಕನೇ ಸಾಲಿನ ಕೆಳಗೆ ತುಂಬಿದ್ದು ಕುಸಿದು, ಐದನೇ ಸಾಲು ತಗ್ಗಿತ್ತು. ಒಟ್ಟು ಮೊತ್ತ ಅದೇ 70, ಆದರೆ 22ರ ಒಂದು ಮೆಟ್ಟಿಲಲ್ಲಿ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಆರು ಮೆಟ್ಟಿಲು ಸರಿಯಿದ್ದರೂ ಒಂದು ಕೆಟ್ಟರೆ ಇಡೀ ದಾರಿ ಕೆಟ್ಟ ಹಾಗೆ. ರಾತ್ರಿ ನೋಡಿದರೆ ಮೀನು ಗುಂಪುಗಟ್ಟಿ ನಿಂತದ್ದೂ ಅಲ್ಲೇ, ನಾಲ್ಕನೇ ಸಾಲಿನ ಬುಡದಲ್ಲಿ. ಐದನೇ ಸಾಲಿನ ಪಕ್ಕದ ಸಂದುಗಳಿಗೆ ಎರಡೆರಡು ಕಲ್ಲು ಕಬ್ಬಿಣದ ಹಾರೆಯಲ್ಲಿ ಸರಿಸಿ, ಬಾಯಿ ಕಿರಿದು ಮಾಡಿ ನೀರೇರಿಸಿದೆವು, ನಾಲ್ಕನೆಯದರ ಇಳಿತ 13ಕ್ಕೆ ಬಂತು. ಇಂಥ ತಿದ್ದುಪಡಿ ಮೊದಲ ವರ್ಷ ನಾಲ್ಕು ಸಲವಾದರೂ ಬೇಕಾಗುತ್ತದೆ. ಆದ್ದರಿಂದಲೇ ಎಲ್ಲ ಕಲ್ಲನ್ನೂ ಸಿಮೆಂಟಿನಲ್ಲಿ ಬಂಧಿಸಬಾರದು.

ಹಾವುಮೀನಿನ ವಿಷಯ ಬೇರೆ. ಅಂಗ್ವಿಲ್ಲಾ ಬೆಂಗಾಲೆನ್ಸಿಸ್ ಎಂಬ ನಮ್ಮ ಹೊಳೆಗಳ ಹಾವುಮೀನು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಅದರ ಮರಿ ಈಜಿ ಗೆಲ್ಲುವುದಿಲ್ಲ, ತೆವಳಿ ಗೆಲ್ಲುತ್ತದೆ. ಒದ್ದೆಯಾದ ಒರಟು ಮೈ ಸಿಕ್ಕರೆ ಸಾಕು. ಐರ್ಲೆಂಡಿನ ಬ್ಯಾನ್ ನದಿಯಲ್ಲಿ ಹಿಂದೆ ಹುಲ್ಲಿನ ಹಗ್ಗ ಹೆಣೆದು ಅಡ್ಡಗಟ್ಟೆಯ ಮೇಲಿನಿಂದ ಇಳಿಬಿಡುತ್ತಿದ್ದರು, ಮರಿಗಳು ಅದನ್ನು ಹಿಡಿದು ಏರುತ್ತಿದ್ದವು. ನಮಗೆ ತೆಂಗಿನ ನಾರಿನ ಹಗ್ಗ ಇದೆಯಲ್ಲ. ಹೆಬ್ಬೆರಳು ದಪ್ಪದ ಐದಾರು ಹಗ್ಗ ಸಡಿಲವಾಗಿ ಸೇರಿಸಿ, ದಂಡೆಯ ಕಡೆಯ ಕಿಂಡಿಯ ಅಂಚಿನಲ್ಲಿ ಬಳೆಗೆ ಕಟ್ಟಿ, ಕೆಳಗಿನ ತುದಿ ಮಡುವಿನಲ್ಲಿ ಅರ್ಧ ಮೀಟರ್ ಮುಳುಗುವಂತೆ ಬಿಡಬೇಕು. ಮೇಲಿನ ತುದಿಯೂ ನಿಂತ ನೀರಿನಲ್ಲೇ ಮುಗಿಯಬೇಕು. ರಭಸದ ನೀರಿನಲ್ಲಿ ಮುಗಿದರೆ ಏರಿದ ಮರಿ ಕೈಬಿಟ್ಟ ಕೂಡಲೇ ಕೊಚ್ಚಿ ಹೋಗುತ್ತದೆ. ಹಗ್ಗದ ಉದ್ದಕ್ಕೂ ತೇವ ಇರಬೇಕು, ನಡುವೆ ಒಂದು ಗೇಣು ಒಣಗಿದರೂ ಅಲ್ಲಿಗೆ ನಿಂತಿತು. ಬಿಗಿಯಾಗಿ ಹೊಸೆದ ನೈಲಾನ್ ಹಗ್ಗ ಪ್ರಯೋಜನಕ್ಕಿಲ್ಲ, ನುಸುಳಲು ಎಳೆಗಳ ನಡುವೆ ಜಾಗವಿಲ್ಲ. ನಾರಿನದು ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಪ್ರತಿ ಮೇ ತಿಂಗಳು ಹೊಸದು.

ಕಲ್ಲಿನ ಕೆಲಸ ಎಷ್ಟು ಚೆನ್ನಾಗಿದ್ದರೂ ಹಲಗೆಯವರ ಜೊತೆ ಮಾತಾಗದಿದ್ದರೆ ಎಲ್ಲ ವ್ಯರ್ಥ. ಮರದ ಹಲಗೆ ಆರು ತಿಂಗಳು ನೀರು ಕುಡಿದು ಉಬ್ಬಿ, ಹೂಳು ಕೂತು, ಜಾಡಿನಲ್ಲಿ ಕಚ್ಚಿಕೊಂಡಿರುತ್ತದೆ. ಮೇ ಕೊನೆಗೆ ಎಳೆಯಲು ಹೋದರೆ ಬರುವುದಿಲ್ಲ, ಅಷ್ಟರಲ್ಲಿ ಮಳೆ. ಮೇ ಮಧ್ಯಕ್ಕೇ ಚೈನ್ ಕಪ್ಪಿ ಹಾಕಿ ಶುರು ಮಾಡಬೇಕು. ಈಚಿನ ಫೈಬರ್ ಹಲಗೆ ಹಗುರ, ಕಚ್ಚುವುದೂ ಕಡಿಮೆ. ಒಂದೇ ದಿನ ಎಲ್ಲ ಹಲಗೆ ಎತ್ತುವ ಅಭ್ಯಾಸ ಮಾತ್ರ ಬಿಡಲೇಬೇಕು. ತಳದಲ್ಲಿ ತಿಂಗಳುಗಟ್ಟಲೆ ಎಲೆ ಕೊಳೆತ ನೀರಿನಲ್ಲಿ ಉಸಿರಾಡಲು ಆಮ್ಲಜನಕ ಇರುವುದಿಲ್ಲ. ಅದು ಕಪ್ಪು ಕೆಸರಿನೊಂದಿಗೆ ಒಮ್ಮೆಲೇ ನುಗ್ಗಿದರೆ ಕೆಳಗಿನ ಮಡುವಿನ ಮೀನು ಬೆಳಗಾಗುವುದರೊಳಗೆ ಬೆಳ್ಳಗೆ ತೇಲುತ್ತದೆ. ದಿನಕ್ಕೆ ಒಂದು ಕಿಂಡಿಯಿಂದ ಒಂದೆರಡು ಹಲಗೆ, ಮೇಲಿನದು ಮೊದಲು. ಒಂದು ವಾರ ಹಿಡಿಯುತ್ತದೆ.

ನವೆಂಬರಿನಲ್ಲಿ ಇಳಿಸುವಾಗಲೂ ಒಂದು ಮಾತಿದೆ. ಗದ್ದೆ ತೋಡುಗಳಲ್ಲಿ ಬೆಳೆದ ಮರಿಗಳು ಹೊಳೆಗೆ ಇಳಿದು ಬರುವ ಕಾಲ ಅದು. ಮೂರು ಕಿಂಡಿ ಮುಚ್ಚಿ ಒಂದನ್ನು ಎರಡು ವಾರ ತೆರೆದಿಡಲು ರೈತರು ಒಪ್ಪಿದರು. ಆ ಕಿಂಡಿಗೂ ಹಲಗೆ ಬಿದ್ದ ಮೇಲೆ ಅದರ ಮೇಲಿನ ಹಲಗೆ ಉಳಿದವಕ್ಕಿಂತ 15 ಸೆಂಟಿಮೀಟರ್ ತಗ್ಗಿರುತ್ತದೆ, ತುಂಬಿದ ನೀರು ಅಲ್ಲಿಂದಲೇ ಹೊರಳುತ್ತದೆ. ಬೀಳುವ ಜಾಗದಲ್ಲಿ ಬೀಳುವ ಎತ್ತರದ ಕಾಲು ಭಾಗದಷ್ಟಾದರೂ ನೀರು ನಿಂತಿರಬೇಕು, ಬರೀ ಕಾಂಕ್ರೀಟಿನ ಮೇಲೆ ಬಿದ್ದರೆ ಮರಿ ಬದುಕುವುದಿಲ್ಲ. ಎರಡು ಮೀಟರ್ ಎತ್ತರಕ್ಕೆ ಅರ್ಧ ಮೀಟರ್. ಹಾಸಿನ ಮೇಲಿನ 25 ಸೆಂಟಿಮೀಟರ್ ಸಾಲದಾದ್ದರಿಂದ ಆ ಕಿಂಡಿಯ ಮುಂದೆ ಮಾತ್ರ ಮರಳು ಚೀಲದ ಅರ್ಧಚಂದ್ರ ಕಟ್ಟೆ ಹಾಕುತ್ತೇವೆ. ಮೇ ತಿಂಗಳಲ್ಲಿ ಅದನ್ನು ತೆಗೆಯಲು ಮರೆಯಬಾರದು.

ಇನ್ನು ಕೂಣಿ, ಅಂದರೆ ನೀರಿನ ದಾರಿಗೆ ಇಟ್ಟು ಮೀನು ಹಿಡಿಯುವ ಬುಟ್ಟಿ. ಮೀನು ಇಕ್ಕಟ್ಟಿನ ಸಂದಿನಲ್ಲಿ ಸಾಲಾಗಿ ನುಗ್ಗುವ ಜಾಗ ಮಾಡಿಕೊಟ್ಟ ಮೇಲೆ ಅಲ್ಲಿ ಕೂಣಿ ಇಡದವನು ಯಾರು? ಹತ್ತುಮೀನು ಹಿಡಿಯುವುದು ಈ ಊರುಗಳಲ್ಲಿ ಇಂದು ನಿನ್ನೆಯದಲ್ಲ, ಬೇಡ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಿಡಿಯುವುದನ್ನು ನಿಲ್ಲಿಸುವ ಬದಲು ಜಾಗ ಗೊತ್ತುಮಾಡಿಕೊಂಡೆವು: ಸಾಲುಗಳಿಂದ ಮೇಲಕ್ಕೂ ಕೆಳಕ್ಕೂ 50 ಮೀಟರ್ ಒಳಗೆ ಕೂಣಿಯೂ ಇಲ್ಲ, ಬೀಸುಬಲೆಯೂ ಇಲ್ಲ. ಉಳಿದ ಹೊಳೆ ಅವರದು. ಮೊದಲ ದೊಡ್ಡ ಮಳೆಯ ಮೂರು ರಾತ್ರಿ ಪಾಳಿಯಲ್ಲಿ ಇಬ್ಬರು ಕಾಯುತ್ತಾರೆ, ಆಮೇಲೆ ಬೇಕಾಗುವುದಿಲ್ಲ. ಶಿಶಿಲ, ಶೃಂಗೇರಿಗಳಲ್ಲಿ ದೇವರ ಮೀನಿಗೆ ಬಲೆ ಹಾಕದ ಪದ್ಧತಿ ಇರುವ ಸೀಮೆ ಇದು, 50 ಮೀಟರಿನ ಮಾತು ಯಾರಿಗೂ ವಿಚಿತ್ರ ಎನಿಸಲಿಲ್ಲ.

ಹತ್ತಿದ್ದು ಎಷ್ಟು ಎಂದು ಎಣಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಹೊಸ್ತಿಲಿಗೆ ಬಿಳಿ ಬಣ್ಣದ ಹಲಗೆ ಹಾಸಿ, ಮೇಲೆ ದಾಟುವ ಮೀನಿನ ನೆರಳು ಎಣಿಸುವ ಉಪಾಯ ಎಲ್ಲ ಕಡೆ ಹೇಳುತ್ತಾರೆ. ಕೆಂಪು ನೀರಿನಲ್ಲಿ ಬಿಳಿ ಹಲಗೆಯೇ ಕಾಣುವುದಿಲ್ಲ. ಮಳೆ ಬಿಟ್ಟು ನೀರು ತಿಳಿಯಾದ ರಾತ್ರಿಗಳಲ್ಲಿ ಮಾತ್ರ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಗಂಟೆಗೆ ಹತ್ತು ನಿಮಿಷದಂತೆ ಎಣಿಸಬಹುದು. ಬಿಳಿ ಬೆಳಕು ಬಿದ್ದರೆ ಮೀನು ತಿರುಗುತ್ತದೆ. ನೆರೆಯ ರಾತ್ರಿಗಳಿಗೆ ಒಂದು ಕಿಂಡಿಯ ಮೇಲ್ಬದಿಗೆ ಬಿದಿರಿನ ಬುಟ್ಟಿ ಕಟ್ಟಿ, ಎರಡು ಗಂಟೆಗೊಮ್ಮೆ ತೆಗೆದು, ಜಾತಿ ಮತ್ತು ಉದ್ದ ಬರೆದುಕೊಂಡು ಮೇಲಕ್ಕೇ ಬಿಡುವುದು. ಎರಡು ಗಂಟೆಗಿಂತ ಹೆಚ್ಚು ಬಿಟ್ಟರೆ ಬುಟ್ಟಿಯೊಳಗೆ ಮುಗುಡು ಉಳಿದದ್ದನ್ನು ತಿಂದಿರುತ್ತದೆ. ಮುಖ್ಯವಾಗಿ ನೋಡಬೇಕಾದ್ದು ಎಷ್ಟು ಹತ್ತಿತು ಎಂಬುದಕ್ಕಿಂತ ಯಾವ ಅಳತೆಯದು ಹತ್ತಿತು ಎಂಬುದನ್ನು. ಬುಡದ ಬಲೆಯಲ್ಲಿ 6 ಸೆಂಟಿಮೀಟರಿನವೂ ಸಿಕ್ಕಿ, ಮೇಲಿನ ಬುಟ್ಟಿಯಲ್ಲಿ 12ಕ್ಕಿಂತ ಸಣ್ಣದು ಒಂದೂ ಇಲ್ಲವೆಂದರೆ ಎಲ್ಲೋ ಒಂದು ಸಂದು ಸಣ್ಣವನ್ನು ತಡೆಯುತ್ತಿದೆ. ಮತ್ತೆ ಟ್ಯೂಬ್ ಹಿಡಿದು ಇಳಿಯಬೇಕು.

ವರ್ಷದ ನಿರ್ವಹಣೆ ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ದೊಡ್ಡ ಮಳೆಯ ಮರುದಿನ ಸಂದುಗಳಿಗೆ ಸಿಕ್ಕಿದ ಬಿದಿರು, ತೆಂಗಿನ ಗರಿ, ಪ್ಲಾಸ್ಟಿಕ್ ಚೀಲ ಬಿಡಿಸುವುದು. ಒಂದು ಅಡಿಕೆ ಹಾಳೆ ನಡುವಿನ ಸಂದಿಗೆ ಅಡ್ಡ ಕೂತರೆ ಆ ಸಾಲೇ ಅಣೆಕಟ್ಟು. ಇಬ್ಬರು ಕತ್ತಿ ಹಿಡಿದು ಕೆಳಗಿನ ಸಾಲಿನಿಂದ ಶುರು ಮಾಡುತ್ತಾರೆ, ಮೇಲಿನಿಂದ ಬಿಡಿಸಿದರೆ ಕಸವೆಲ್ಲ ಮುಂದಿನ ಸಂದಿಗೇ ಹೋಗಿ ಕೂರುತ್ತದೆ.